ಹತ್ತನೇ ಪಂದ್ಯದ ನಂತರ

ನಿನ್ನೆ ಈ ಫುಟ್ಬಾಲ್ ಸೀಸನ್ನಿನ ನನ್ನ ಹತ್ತನೇ ಪಂದ್ಯ ಮುಗಿಯಿತು. ಪೂರ್ತಿ ಆಡಿದೆ. ಕೊನೆಯ ಸೀಟಿ ಊದಿದ ಮೇಲೆ ಮೊಣಕಾಲು ಮುಟ್ಟಿ ನೋಡಿದೆ. ಊತ ಇರಲಿಲ್ಲ.

ಮೊದಲ ಪಂದ್ಯ ಆಡಿದ ದಿನವೇ ಈ ಬರಹ ಬರೆಯಬೇಕಿತ್ತು. ಎಷ್ಟೋ ಜನ ಕೇಳಿದರು. ಆದರೆ ಒಂದು ಪಂದ್ಯ ಆಡಿ ಮತ್ತೆ ಮಲಗಿದರೆ ಏನು ಮಾಡುವುದು ಎಂಬ ಹೆದರಿಕೆ ಇತ್ತು. ಹತ್ತು ಆಗಲಿ ಅಂತ ಕಾದೆ.

ನಮ್ಮ ಟೀಮಿನಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬರುವುದಿಲ್ಲ. ಅವರಿಗೆ ಹೇಳಬೇಕಾದ್ದನ್ನು ಮಲಯಾಳದಲ್ಲಿ ಎದುರೇ ಹೇಳಿದ್ದೇನೆ. ಇದು ಮನೆಯವರಿಗೆ, ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ನಮ್ಮವರಿಗೆ. ಎಲ್ಲಕ್ಕಿಂತ ಜಾಸ್ತಿ, ಭಾವನಿಗೆ.

2024ರ ಮಾರ್ಚ್‌ನಲ್ಲಿ ಆಡುವಾಗ ಬಲ ಮೊಣಕಾಲಿನ ಲಿಗಮೆಂಟ್ (ಮೂಳೆಗಳನ್ನು ಸೇರಿಸಿ ಹಿಡಿಯುವ ಪಟ್ಟಿ) ಹೇಗೆ ಹೋಯಿತು, ಆಪರೇಷನ್ ಯಾಕೆ ಜೂನ್‌ವರೆಗೆ ತಡವಾಯಿತು, ಎಲ್ಲ ನಿಮಗೆ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಆ ಜುಲೈಯ ರಾತ್ರಿಯ ವಿಷಯ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಆಪರೇಷನ್ ಆಗಿ ಎರಡು ವಾರ ಆಗಿರಲಿಲ್ಲ. ಜೋರು ಮಳೆ, ಕರೆಂಟ್ ಇಲ್ಲ. ಸಂಜೆಯಿಂದ ಜ್ವರ ಬಂತು. ಹನ್ನೊಂದು ಗಂಟೆಗೆ ಮೊಣಕಾಲು ಬೆಂಕಿಯ ಹಾಗೆ ಸುಡುತ್ತಿತ್ತು. ಅಮ್ಮ ಫೋನ್ ಮಾಡಿದ್ದು ಅಕ್ಕನಿಗೆ. ಬಂದದ್ದು ಭಾವ, ಪಕ್ಕದ ಮನೆಯವರ ಓಮ್ನಿ ಕರೆದುಕೊಂಡು. ಬೆಳಗಾಗಲಿ ನೋಡುವಾ ಅಂತ ನಾನೇ ಹೇಳಿದೆ. ಅವರು ಉತ್ತರ ಕೊಡಲಿಲ್ಲ. ಎತ್ತಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಮಲಗಿಸಿದರು.

ನನ್ನ ಕಾಲು ಅವರ ತೊಡೆಯ ಮೇಲಿತ್ತು. ರಸ್ತೆಯಲ್ಲಿ ಗುಂಡಿ ಸಿಕ್ಕಿದಾಗಲೆಲ್ಲ ಎರಡೂ ಕೈಯಿಂದ ಕಾಲನ್ನು ಎತ್ತಿ ಹಿಡಿಯುತ್ತಿದ್ದರು. ಶಿರಿಯ ಹೊಳೆ, ಉಪ್ಪಳ, ಮಂಜೇಶ್ವರ, ಅಷ್ಟೂ ದೂರ ಹಾಗೆಯೇ. ತಲಪಾಡಿ ಬಂದಾಗ ಅವರ ಕೈ ಬಿಗಿಯಾಯಿತು. 2020ರಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿ ಆಂಬುಲೆನ್ಸ್‌ಗಳೇ ನಿಂತ ಜಾಗ ಅದು. ಆಸ್ಪತ್ರೆಗೆ ಮಂಗಳೂರನ್ನೇ ನಂಬಿದ ನಮ್ಮ ಕಡೆಯವರಿಗೆ ಅಲ್ಲಿ ಈಗಲೂ ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ. ಯಾರೂ ತಡೆಯಲಿಲ್ಲ. ನೇತ್ರಾವತಿ ಸೇತುವೆಯ ಮೇಲೆ ನಾನು ಕೇಳಿದೆ, "ಭಾವ, ಕಾಲು ತೆಗೆಯುತ್ತಾರಾ?"

ಅವರು, "ನಂಗೆ ಗೊತ್ತಿಲ್ಲ ಮಾರಾಯ. ನಾನು ಇಲ್ಲೇ ಇರ್ತೇನೆ" ಅಂದರು.

ಏನೂ ಆಗುವುದಿಲ್ಲ ಅಂತ ಅವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಇದನ್ನು ನಂಬಿದೆ. ಒಳಗೆ ಕೀವು ಆಗಿತ್ತು. ಬೆಳಗಿನ ಜಾವವೇ ಮತ್ತೆ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗಿ ತೊಳೆದರು. ಆ ರಾತ್ರಿ ಕಳೆದಿದ್ದರೆ ಕಷ್ಟವಿತ್ತು ಅಂತ ಡಾಕ್ಟರು ಆಮೇಲೆ ಹೇಳಿದರು.

ಭಾವ ಒಂಬತ್ತು ದಿನ ಅಲ್ಲೇ ಇದ್ದರು. ಅವರು ಅಡಿಕೆ ತೋಟಗಳಿಗೆ ಮದ್ದು ಬಿಡುವವರು. ಜುಲೈ ಅಂದರೆ ಕೊಳೆರೋಗಕ್ಕೆ ಎರಡನೇ ಮದ್ದಿನ ಸಮಯ. ಮಳೆ ಎರಡು ದಿನ ಬಿಟ್ಟರೆ ಸಾಕು, ಹತ್ತು ತೋಟದವರು ಒಟ್ಟಿಗೆ ಕರೆಯುತ್ತಾರೆ. ವರ್ಷದ ದುಡಿಮೆಯ ದೊಡ್ಡ ಪಾಲು ಬರುವುದೇ ಆಗ. ಫೋನ್ ಬರುತ್ತಲೇ ಇತ್ತು. "ಈಗ ಬರ್ಲಿಕ್ಕಾಗುದಿಲ್ಲ" ಅಂತ ಹೇಳಿ ಇಡುತ್ತಿದ್ದರು. ಎಷ್ಟು ಹೋಯಿತು ಅಂತ ಇವತ್ತಿನವರೆಗೆ ಹೇಳಿಲ್ಲ. ಅಕ್ಕನೂ ಹೇಳಿಲ್ಲ.

ನಾಲ್ಕನೇ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತು ಅವರು ತಮ್ಮ ಕತೆ ಹೇಳಿದರು. ಹಿಂದೆ ಅವರು ಅಡಿಕೆ ಮರದಿಂದ ಬಿದ್ದು ಹಿಮ್ಮಡಿ ಒಡೆದುಕೊಂಡಿದ್ದರು. ಅದು ನಮಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಇಷ್ಟು: ಎಂಟು ತಿಂಗಳ ನಂತರ ಕಾಲಿಗೆ ಹಗ್ಗದ ತಳೆ ಹಾಕಿ ಮತ್ತೆ ಹತ್ತಲು ಶುರು ಮಾಡಿದರೂ ಆ ಒಂದು ಮರಕ್ಕೆ ಎರಡು ವರ್ಷ ಹತ್ತಲಿಲ್ಲವಂತೆ. ಅದರ ಸುತ್ತಲಿನ ಮರಗಳಿಗೆಲ್ಲ ಮದ್ದು ಬಿಟ್ಟು, ಅದಕ್ಕೆ ಪಕ್ಕದ ಮರದ ಮೇಲಿನಿಂದಲೇ ಬಿಟ್ಟು ಇಳಿಯುತ್ತಿದ್ದರಂತೆ. ತೋಟದವರಿಗೂ ಗೊತ್ತಾಗಲಿಲ್ಲವಂತೆ.

ಫಿಸಿಯೋ ಮೇಡಂಗೆ ನಾನು ಋಣಿ. ನೋವು ಹೋದ ಕೂಡಲೇ ಓಡಲು ಹೊರಟವನನ್ನು ನಿಲ್ಲಿಸಿದ್ದು ಅವರು. ತೊಡೆಯ ಹಿಂಭಾಗದಿಂದ ತೆಗೆದು ಕೂರಿಸಿದ ಸ್ನಾಯುರಜ್ಜು ಲಿಗಮೆಂಟಿನ ಹಾಗೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು, ನೋವಿಲ್ಲ ಅಂದರೆ ಗಟ್ಟಿಯಾಗಿದೆ ಅಂತ ಅಲ್ಲ ಅಂದರು. ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ತಡ ಮಾಡಿದ ಹಾಗೆಲ್ಲ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಅರ್ಧಕ್ಕೆ ಇಳಿಯಿತು ಅಂತ 2016ರ ಒಂದು ಅಧ್ಯಯನ ತೋರಿಸಿದರು. ನನಗೆ ಒಂಬತ್ತಲ್ಲ, ಎರಡು ಮಳೆಗಾಲ ಬೇಕಾಯಿತು. ಒಂಟಿ ಕಾಲಲ್ಲಿ ಹಾರಿದಾಗ ಬಲಗಾಲು ಎಡಗಾಲಿನ ನೂರಕ್ಕೆ ತೊಂಬತ್ತರಷ್ಟಾದರೂ ದೂರ ಹೋಗುವವರೆಗೆ ಅವರು ಚೆಂಡು ಮುಟ್ಟಲು ಬಿಡಲಿಲ್ಲ.

ಆ ಎರಡು ವರ್ಷ ಕೇಳಿದ ಮಾತುಗಳು ಸುಮಾರಿವೆ. ಇವನ ಕಾಲನ್ನು ನಂಬಿ ಟೀಮು ಕಟ್ಟಬೇಡಿ, ಸೀಸನ್ನಿಗೆ ಎರಡು ಪಂದ್ಯ ಆಡಿಯಾನು ಅಷ್ಟೇ. ಮೊದಲು ಪೋಸ್ಟರಿನಲ್ಲಿ ನನ್ನ ಫೋಟೋ ದೊಡ್ಡದಾಗಿ ಹಾಕುತ್ತಿದ್ದವರೇ ಹೇಳಿದರು. ಬ್ರೆಜಿಲಿನ ನೆಯ್ಮಾರ್ 2023ರ ಅಕ್ಟೋಬರ್‌ನಲ್ಲಿ ಇದೇ ಪೆಟ್ಟಿಗೆ ಬಿದ್ದು, ಒಂದು ವರ್ಷ ಕಳೆದು ಮರಳಿ, ಎರಡೇ ವಾರದಲ್ಲಿ ಮತ್ತೆ ಹೊರಗೆ ಹೋದಾಗ ಚಹದ ಅಂಗಡಿಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಆ ದಿನಗಳಲ್ಲಿ ನಾನು ಭಾರತ ತಂಡದ ಸಂದೇಶ್ ಜಿಂಗನ್‌ನ ಕತೆಯನ್ನು ಹಿಡಿದುಕೊಂಡೆ. 2019ರ ಅಕ್ಟೋಬರ್‌ನಲ್ಲಿ ಇದೇ ಲಿಗಮೆಂಟ್ ಹೋಗಿ ಕೇರಳ ಬ್ಲಾಸ್ಟರ್ಸ್‌ಗೆ ಇಡೀ ಸೀಸನ್ ಆಡಲಾಗದವ, 2020-21ರಲ್ಲಿ ದೇಶದ ವರ್ಷದ ಆಟಗಾರನಾದ. ಅದನ್ನು ಎಷ್ಟು ಸಲ ಓದಿದ್ದೇನೋ.

ಭಾವನಿಗೆ ನೆಯ್ಮಾರೂ ಗೊತ್ತಿಲ್ಲ, ಜಿಂಗನೂ ಗೊತ್ತಿಲ್ಲ. ಎರಡು ವರ್ಷದಲ್ಲಿ ಒಮ್ಮೆಯೂ "ಯಾವಾಗ ಆಡ್ತಿ?" ಅಂತ ಕೇಳದವರು ಅವರೊಬ್ಬರೇ. ಬಂದಾಗಲೆಲ್ಲ "ಊಟ ಆಯ್ತಾ?" ಅಂತ ಕೇಳಿ ಮೊಣಕಾಲಿಗೆ ಒಮ್ಮೆ ಕೈ ಇಡುತ್ತಿದ್ದರು.

ಬಲಬದಿಯಿಂದ ಒಳಕ್ಕೆ ತಿರುಗಿ ಎಡಗಾಲಲ್ಲಿ ಹೊಡೆಯುವುದು ನನ್ನ ಆಟ. ಬಲಗಾಲು ಊರಿ ಹಾಗೆ ತಿರುಗುವಾಗಲೇ ಅವತ್ತು ಮೊಣಕಾಲು ಹೋದದ್ದು. ಈ ಸೀಸನ್ನಿನ ಮೊದಲ ಆರು ಪಂದ್ಯಗಳಲ್ಲಿ ಒಮ್ಮೆಯೂ ಹಾಗೆ ತಿರುಗಲಿಲ್ಲ. ಚೆಂಡು ಬಂದಾಗಲೆಲ್ಲ ಹೊರಗೆ ಎಳೆದುಕೊಂಡು ಹೋದೆ, ಇಲ್ಲವೇ ಪಾಸ್ ಕೊಟ್ಟೆ. ಯಾರಿಗೂ ಗೊತ್ತಾಗಲಿಲ್ಲ. ಏಳನೇ ಪಂದ್ಯದಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ, ತಿರುಗಿದೆ. ಗೋಲು ಆಗಲಿಲ್ಲ, ಚೆಂಡು ಹೊರಗೆ ಹೋಯಿತು. ನನಗೆ ಅಲ್ಲೇ ಅಳು ಬಂತು. ರಾತ್ರಿ ಫೋನ್ ಮಾಡಿ, "ಭಾವ, ಆ ಮರ ಹತ್ತಿದೆ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇಳಿಯುವಾಗ ಜಾಗ್ರತೆ" ಅಂದರು.

ಅಮ್ಮ, ಅಕ್ಕ, ನನ್ನ ಜಾಗವನ್ನು ಖಾಲಿ ಇಟ್ಟು ಕಾದ ಕೋಚ್, ಹಣ ಒಟ್ಟು ಮಾಡಿದ ಕ್ಲಬ್ಬಿನ ಹುಡುಗರು, ಗಲ್ಫಿನಿಂದ ಕೇಳದೆಯೇ ಕಳಿಸಿದ ಗೆಳೆಯರು, ಓಮ್ನಿ ಓಡಿಸಿದ ಅಣ್ಣ, ಎಲ್ಲರಿಗೂ ಕೈಮುಗಿಯುತ್ತೇನೆ.

ಭಾವ, ನಿಮಗೆ ಎದುರು ನಿಂತು ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಬರೆದದ್ದು. ಮಳೆ ಬರುವ ಮೊದಲು ಮೊದಲನೇ ಮದ್ದು ಮುಗಿಸಬೇಕು ಅಂತ ಅಕ್ಕ ಹೇಳಿದಳು. ಆದಿತ್ಯವಾರ ಬೆಳಿಗ್ಗೆ ಬರುತ್ತೇನೆ. ಮದ್ದಿಗೆ ಸುಣ್ಣ ಕಲಸುವುದು, ಪೈಪು ಎಳೆಯುವುದು ನನಗಿರಲಿ.