‘ಇಂಗ್ಲೆಂಡ್ ಮೇಡ್, ಸೂಪರ್ ಕಂಡೀಷನ್’ ಅಂದರೆ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳಲ್ಲಿ ತೋಟಕ್ಕೆ ಕಾರ್ಮಿಕರು ಬೇಕು, ಸಿಲ್ವರ್ ಓಕ್ ಮಾರಾಟಕ್ಕಿದೆ ಎಂಬ ಸಾಲುಗಳ ನಡುವೆ ಈಚೆಗೆ ಹಳೇ ಸೈಕಲ್ಲುಗಳೂ ಕಾಣಿಸುತ್ತಿವೆ. ‘ಆಂಟಿಕ್ ಸೈಕಲ್, ಇಂಗ್ಲೆಂಡ್ ಮೇಡ್, ಸೂಪರ್ ಕಂಡೀಷನ್’, ಕೆಳಗೊಂದು ಫೋನ್ ನಂಬರು. ಅಷ್ಟೇ. ಎಮ್ಮೆ ಮಾರುವವರೂ ಎಷ್ಟನೇ ಸೂಲು, ಹೊತ್ತಿಗೆ ಎಷ್ಟು ಲೀಟರ್ ಎಂದು ಹೇಳುತ್ತಾರೆ. ಇಪ್ಪತ್ತು ಕಿಲೋ ಉಕ್ಕಿಗೆ ಅಷ್ಟಾದರೂ ವಿವರ ಬೇಡವೇ? ಕೊಂಡವರು ಹೋಂಸ್ಟೇ ಗೇಟಿನ ಮುಂದೆ ಹೂಕುಂಡ ಕಟ್ಟಿ ನಿಲ್ಲಿಸುವುದಾದರೆ ಈ ಪತ್ರ ಅವರಿಗಲ್ಲ. ತುಳಿಯುವ ಆಸೆಯಿಂದ ಕೊಳ್ಳುವವರು ಏನು ಕೇಳಬೇಕು, ಮಾರುವವರು ಏನನ್ನು ಮುಚ್ಚಿಡಬಾರದು ಎಂಬುದಷ್ಟೇ ಇಲ್ಲಿನ ವಿಚಾರ.

ಮೊದಲು ಆ ‘ಇಂಗ್ಲೆಂಡ್’. ಬ್ಯಾಡ್ಜಿನ ಮೇಲೆ ಹರ್ಕ್ಯುಲಿಸ್ ಎಂದಿದ್ದ ಮಾತ್ರಕ್ಕೆ ಅದು ಬರ್ಮಿಂಗ್‌ಹ್ಯಾಮಿನಿಂದ ಹಡಗು ಹತ್ತಿ ಬಂದದ್ದಲ್ಲ. ಮದರಾಸಿನ ಟಿಐ ಸೈಕಲ್ಸ್ 1949ರಲ್ಲೇ ಶುರುವಾಗಿ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ತಯಾರಿಸಿತು, ಮುಂದೆ ಬಿಎಸ್‌ಎ, ಫಿಲಿಪ್ಸ್ ಹೆಸರಿನವನ್ನೂ ಮಾಡಿತು. ರ‍್ಯಾಲಿಯದೂ ಇದೇ ಸಂಗತಿ. ನಾಟಿಂಗ್‌ಹ್ಯಾಮಿನದು ಒಂದು, ಪಶ್ಚಿಮ ಬಂಗಾಳದ ಅಸನ್ಸೋಲಿನ ಸೆನ್-ರ‍್ಯಾಲಿಯದು ಇನ್ನೊಂದು. ನಮ್ಮ ಅಟ್ಟ, ಕೊಟ್ಟಿಗೆಗಳಿಂದ ಇಳಿಯುವವುಗಳಲ್ಲಿ ಹೆಚ್ಚಿನವು ಈ ದೇಶದವೇ. ಹಾಗೆಂದು ಅವು ಕೀಳಲ್ಲ, ಸೋನಿಪತ್ತಿನ ಹಳೆಯ ಅಟ್ಲಾಸನ್ನೂ ಸೇರಿಸಿಯೇ ಹೇಳುತ್ತಿರುವುದು. ಆದರೆ ಇಂಗ್ಲೆಂಡಿನ ಹೆಸರಿಗೆ ಕೊಡುವ ಹೆಚ್ಚಿನ ದುಡ್ಡು ಇಂಗ್ಲೆಂಡಿನ ಸೈಕಲ್ಲಿಗೇ ಹೋಗಬೇಕು.

ಕೆಲವರು ಮುಂದಿನ ಚೈನ್‌ವೀಲಿನ ಕೆತ್ತನೆ ನೋಡಿ ತೀರ್ಮಾನಿಸುತ್ತಾರೆ. ರ‍್ಯಾಲಿಗೆ ಕೊಕ್ಕರೆಯ ತಲೆ, ರಡ್ಜ್‌ಗೆ ಅಂಗೈ, ಹಂಬರ್‌ಗೆ ಕೈಕಾಲು ಚಾಚಿದ ಐದು ಮನುಷ್ಯಾಕೃತಿ. ಬಿಎಸ್‌ಎ ಬ್ಯಾಡ್ಜಿನಲ್ಲಿ ಒಂದಕ್ಕೊಂದು ಆನಿಸಿಟ್ಟ ಮೂರು ಬಂದೂಕು, ಮೂಲದಲ್ಲಿ ಅದು ಬಂದೂಕಿನ ಕಂಪನಿ ತಾನೇ. ಇವು ಹೆಸರನ್ನು ಹೇಳುತ್ತವೆ, ಹುಟ್ಟಿದೂರನ್ನಲ್ಲ. ಕೊಕ್ಕರೆ ಅಸನ್ಸೋಲಿನಲ್ಲೂ ಹಾರಾಡಿತ್ತು. ಚೈನ್‌ವೀಲು ಬದಲಾಯಿಸಲು ಅರ್ಧ ಗಂಟೆ ಸಾಕು ಎಂಬುದೂ ನೆನಪಿರಲಿ. ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಹಿಂದಿನ ಹಬ್ಬು (ಚಕ್ರದ ನಡುವಿನ ಗುಂಬ) ಇದ್ದರೆ ಅದರ ಹೊರಮೈಯನ್ನು ಬಟ್ಟೆಯಿಂದ ಒರೆಸಿ ನೋಡಿ. ‘ಎಡಬ್ಲ್ಯೂ’ ಎಂಬ ಅಕ್ಷರಗಳ ಜೊತೆ ಅಂಕಿಗಳಿರುತ್ತವೆ. 58 7 ಎಂದಿದ್ದರೆ ಹಬ್ಬು 1958ರ ಜುಲೈನದು. ಸೈಕಲ್ಲೂ ಅದೇ ವರ್ಷದ್ದೇ ಎಂಬುದಕ್ಕೆ ಚಕ್ರ ಬದಲಾಗಿಲ್ಲವೆಂದು ಗೊತ್ತಿರಬೇಕು. ಒಂದು ಸುಳಿವೆಂದರೆ, ಆ ಕಾಲದ ಚಕ್ರಗಳಲ್ಲಿ ಹಿಂದೆ 40, ಮುಂದೆ 32 ಕಡ್ಡಿ.

ಫ್ರೇಮನ್ನು ಕಣ್ಣಿಗಿಂತ ಬೆರಳಿನಲ್ಲಿ ನೋಡುವುದು ಮೇಲು. ಹ್ಯಾಂಡಲಿನ ಕೆಳಗಿನ ಗಿಡ್ಡ ಕೊಳವೆಗೆ ಅಡ್ಡಬಾರು ಮತ್ತು ಕೆಳಬಾರು ಬಂದು ಕೂಡುವ ಕಡೆ, ಅಡಿಭಾಗದಲ್ಲಿ ಬೆರಳು ಸವರಿ. ಬಣ್ಣ ಸುಕ್ಕುಗಟ್ಟಿದಂತೆ, ಸಣ್ಣ ಏಣು ಎದ್ದಂತೆ ತಗುಲಿದರೆ ಸೈಕಲ್ಲು ಎಲ್ಲೋ ಎದುರಿನಿಂದ ಗುದ್ದಿದೆ, ಬಿಟ್ಟುಬಿಡಿ. ಹಿಂಭಾಗ ನೇರವಾಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಆಕ್ಸೆಲ್ ಕೂರುವ ಒಂದು ತುದಿಯಿಂದ ಹೊರಟು, ಹ್ಯಾಂಡಲ್ ಕೊಳವೆಯನ್ನು ಬಳಸಿ, ಇನ್ನೊಂದು ತುದಿಗೆ ಬಿಗಿಯಾಗಿ ಎಳೆದು ಕಟ್ಟಿ. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರ ಎರಡೂ ಕಡೆ ಒಂದೇ ಇರಬೇಕು. ಎರಡು ಮಿಲಿಮೀಟರಿನ ವ್ಯತ್ಯಾಸವನ್ನು ಸಹಿಸಬಹುದು, ಐದಾರಾದರೆ ಚಕ್ರ ಸದಾ ಓರೆಗೆ ಓಡುತ್ತದೆ.

ನಮ್ಮಲ್ಲಿ ಇದಕ್ಕಿಂತ ದೊಡ್ಡ ಶತ್ರು ಒಳತುಕ್ಕು. ಜೂನಿನಿಂದ ಸುರಿಯುವ ನೀರು ಸೀಟ್ ಪೋಸ್ಟಿನ ಸೀಳಿನಿಂದ ಇಳಿದು ಪೆಡಲಿನ ಅಚ್ಚು ತಿರುಗುವ ಬಿಬಿ (ಬಾಟಮ್ ಬ್ರಾಕೆಟ್) ಕೊಳವೆಯಲ್ಲಿ ನಿಲ್ಲುತ್ತದೆ. ಸೀಟು ತೆಗೆದು ಸೈಕಲ್ಲನ್ನು ತಲೆಕೆಳಗು ಮಾಡಿ ಕುಲುಕಿ. ಕಾಫಿಪುಡಿಯಂಥದ್ದು ಚಮಚದಷ್ಟು ಉದುರಿದರೆ ಪರವಾಗಿಲ್ಲ, ಒಳಗೆ ಅಗಸೆ ಎಣ್ಣೆ ಬಿಟ್ಟು ಎಲ್ಲ ಕಡೆಗೂ ಹರಿಯುವಂತೆ ತಿರುಗಿಸಿದರೆ ಆಯಿತು. ಚಕ್ಕೆ ಚಕ್ಕೆಯಾಗಿ ಬಿದ್ದರೆ ಕೊಳವೆಯೇ ಸವೆದಿದೆ. ಗೊಬ್ಬರದ ಚೀಲದ ಪಕ್ಕ ನಿಂತ ಸೈಕಲ್ಲಿನ ಕ್ರೋಮಿನ ಆಸೆಯನ್ನು ಮಾತ್ರ ಬಿಡಬೇಕು, ರಾಸಾಯನಿಕ ಗೊಬ್ಬರದ ಲವಣ ತೇವ ಹೀರಿ ಕ್ರೋಮಿನಡಿಯ ಉಕ್ಕನ್ನು ತಿನ್ನುತ್ತದೆ.

ಇನ್ನು ಬಣ್ಣ. ದುಡ್ಡು ಹೆಚ್ಚಾಗಿ ಹಾಳಾಗುವುದು ಇಲ್ಲಿ. ಮಾರುವ ಮೊದಲು ಮರಳು ಹೊಡೆಸಿ ಪೌಡರ್ ಕೋಟಿಂಗ್ ಮಾಡಿಸಿದರೆ ಬೆಲೆ ಏರುತ್ತದೆಂದು ನಂಬಿದವರಿದ್ದಾರೆ. ತಿಳಿದು ಕೊಳ್ಳುವವರ ಲೆಕ್ಕದಲ್ಲಿ ಅದು ಇಳಿಯುತ್ತದೆ. ಮೂಲ ಎನಾಮಲ್ಲು, ಚಿನ್ನದ ಗೆರೆ, ಫ್ರೇಮು ನಂಬರಿನ ಸ್ಪಷ್ಟತೆ ಎಲ್ಲವೂ ಹೋಗುತ್ತವೆ, ಬಿರುಕಿದ್ದರೆ ಮುಚ್ಚಿಹೋಗುತ್ತದೆ, ತಿರುಪುಗಳಲ್ಲಿ ಪುಡಿ ಕೂತು ಬಿಬಿಯಲ್ಲಿ ಬಾಲ್ಸು ಹಿಡಿದಿಡುವ ಕಪ್ಪು (ಬಟ್ಟಲು) ಹತ್ತುವುದೇ ಇಲ್ಲ. ಹಳೆಯ ಬಣ್ಣಕ್ಕೆ ಡೀಸೆಲ್ ಅದ್ದಿದ ಬಟ್ಟೆ, ಆಮೇಲೆ ಕಾರಿಗೆ ಹಾಕುವ ವ್ಯಾಕ್ಸು ಸಾಕು. ಕ್ರೋಮಿನ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ, ನೀರಿನಲ್ಲಿ ಅದ್ದಿ ಉಜ್ಜಿ. ಬಣ್ಣವಿಲ್ಲದ ನಟ್ಟು, ಬೋಲ್ಟು, ರಾಡುಗಳನ್ನು ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಇಟ್ಟು, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತಕ್ಷಣ ಎಣ್ಣೆ ಸವರಬೇಕು. ತಡಮಾಡಿದರೆ ಸಂಜೆಗೆ ಮತ್ತೆ ಕೆಂಪಾಗುತ್ತದೆ. ಸೀಟಿನ ಸ್ಪ್ರಿಂಗನ್ನು ಆಸಿಡ್ಡಿಗೆ ಹಾಕಬೇಡಿ, ಬಿಗಿಯಾದ ಉಕ್ಕು ಪೆಡಸಾಗಿ ಮುರಿಯುವ ಅಪಾಯವಿದೆ. ಕೊಡಗಿನ ಅಡುಗೆಯ ಕಪ್ಪು ಹುಳಿರಸ ಕಾಚಂಪುಳಿಯೂ ಹುಳಿಯೇ, ತುಕ್ಕು ಬಿಡಿಸೀತು. ಆದರೆ ಅದನ್ನು ಪಂದಿಕರಿಗೇ (ಹಂದಿಮಾಂಸದ ಸಾರಿಗೇ) ಇಡುವುದು ಮರ್ಯಾದೆ.

ಉಳಿಸಿದ ದುಡ್ಡನ್ನು ಪೆಡಲಿನ ಕಡೆ ಹಾಕಿ. ಹಳೇ ಸೈಕಲ್ಲಿನ ಕ್ರ್ಯಾಂಕು (ಪೆಡಲಿನ ತೋಳು) ನಿಂತಿರುವುದು ಅದನ್ನು ಅಚ್ಚಿಗೆ ಬಿಗಿಯುವ ಬೆಣೆಯಂಥ ಕಾಟರ್ ಪಿನ್ನಿನ ಮೇಲೆ. ಪ್ರತಿ ತುಳಿತಕ್ಕೂ ‘ಟಕ್’ ಎಂದರೆ ಪಿನ್ನು ಸಡಿಲ. ಹಾಗೇ ತುಳಿಯುತ್ತಾ ಹೋದರೆ ಕ್ರ್ಯಾಂಕಿನ ತೂತೇ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ, ಆಮೇಲೆ ಹೊಸ ಪಿನ್ನೂ ನಿಲ್ಲದು. ತೆಗೆಯುವಾಗ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ನಟ್ಟನ್ನು ಪೂರ್ತಿ ಬಿಚ್ಚದೆ ಪಿನ್ನಿನ ತುದಿಯ ಮಟ್ಟಕ್ಕೆ ತಂದು ನಿಲ್ಲಿಸಿ, ಇಲ್ಲವಾದರೆ ತಿರುಪು ನಜ್ಜಾಗುತ್ತದೆ. ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆಗೆ ಜಾಗ ಬಿಟ್ಟು, ಒಂದು ದಪ್ಪ ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಊರಿ ಆನಿಸಿ. ಹೀಗೆ ಆನಿಸದೆ ಹೊಡೆದರೆ ಏಟೆಲ್ಲ ಒಳಗಿನ ಬಾಲ್ಸು, ಕಪ್ಪುಗಳಿಗೆ ಹೋಗಿ ಅಲ್ಲಿ ಗುಳಿ ಬೀಳುತ್ತದೆ. ಒಂದು ಕಿಲೋ ಸುತ್ತಿಗೆಯಿಂದ ಒಂದೇ ಗಟ್ಟಿ ಏಟು. ಸಣ್ಣ ಸುತ್ತಿಗೆಯಿಂದ ಇಪ್ಪತ್ತು ಸಲ ತಟ್ಟಿದರೆ ತುದಿ ಅಣಬೆಯಂತೆ ಅರಳಿ ಕೂರುತ್ತದೆ, ಆಮೇಲೆ ಡ್ರಿಲ್ಲೇ ಗತಿ.

ಹೊಸ ಪಿನ್ನು ತರುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ. 9 ಮಿ.ಮೀ., 9.5 ಮಿ.ಮೀ. ಎರಡೂ ಸಿಗುತ್ತವೆ, ಅರ್ಧ ಮಿಲಿಮೀಟರು ಇಲ್ಲಿ ಬಹಳ. ಎರಡೂ ಕಡೆಯ ಪಿನ್ನುಗಳು ಒಂದಕ್ಕೊಂದು ಎದುರು ದಿಕ್ಕಿನಿಂದ ಕೂತರೆ ಮಾತ್ರ ಕ್ರ್ಯಾಂಕುಗಳು ಒಂದೇ ನೇರಕ್ಕೆ ಬರುತ್ತವೆ. ಹಾಕಿ ಇಪ್ಪತ್ತು ಮೂವತ್ತು ಕಿಲೋಮೀಟರ್ ತುಳಿದ ಮೇಲೆ ಮತ್ತೊಮ್ಮೆ ಬಿಗಿಮಾಡಿ. ಬಿಬಿ ಬಿಚ್ಚುವವರಿಗೆ ಇನ್ನೆರಡು ಮಾತು. ಚೈನಿನ ಕಡೆಯ ಕಪ್ಪಿಗೆ ಉಲ್ಟಾ ತಿರುಪು, ಎಡ ಪೆಡಲಿಗೂ ಉಲ್ಟಾ. ನಾಟಿಂಗ್‌ಹ್ಯಾಮ್ ರ‍್ಯಾಲಿಯ ಕಪ್ಪಿಗೆ ಇಂಚಿಗೆ 26 ಎಳೆ, ಉಳಿದ ಹೆಚ್ಚಿನ ಇಂಗ್ಲಿಷ್ ಸೈಕಲ್ಲುಗಳದ್ದು 24. 24 ಎಳೆಯ ಸಾಮಾನ್ಯ ಕಪ್ಪನ್ನು ಅದಕ್ಕೆ ಬಲವಂತವಾಗಿ ತಿರುಗಿಸಿದರೆ ಒಂದೆರಡು ಸುತ್ತು ಹೋಗಿ, ಫ್ರೇಮಿನ ತಿರುಪನ್ನೇ ಕತ್ತರಿಸುತ್ತದೆ. ಒಳಗೆ ಕಾಲಿಂಚಿನ ಬಾಲ್ಸು, ಒಂದೊಂದು ಕಡೆಗೆ ಹನ್ನೊಂದು.

ಬ್ರೇಕಿನ ವಿಷಯವನ್ನು ಸಿಹಿಯಾಗಿ ಹೇಳಿ ಪ್ರಯೋಜನವಿಲ್ಲ. ವೈರಿನ ಬದಲು ಕಬ್ಬಿಣದ ಸರಳು ಎಳೆಯುವ ರಾಡ್ ಬ್ರೇಕಿನ ಸೈಕಲ್ಲು ಬಯಲುಸೀಮೆಯ ಗಾಡಿ. ಅದರ ರಬ್ಬರು ರಿಮ್ಮಿನ ಪಕ್ಕವನ್ನು ಹಿಡಿಯುವುದಿಲ್ಲ, ಕಡ್ಡಿಗಳ ಅಕ್ಕಪಕ್ಕದ ಒಳಮೈಯನ್ನು ಒತ್ತುತ್ತದೆ. ಕ್ರೋಮು ಬಳಿದ ಉಕ್ಕು ಒದ್ದೆಯಾದರೆ ರಬ್ಬರು ಜಾರುತ್ತದೆ, ಹಿಡಿ ಎಷ್ಟು ಅದುಮಿದರೂ ಅಷ್ಟೇ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ತಿರುವುಗಳಲ್ಲಿ, ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ಇದನ್ನು ತುಳಿಯುವುದು ಧೈರ್ಯವಲ್ಲ. ಮಾಕುಟ್ಟ ಘಾಟಿಗೂ ಇದೇ ಮಾತು. ಇಳಿಜಾರು ಬಂದರೆ ಇಳಿದು ತಳ್ಳಿ. ತುಳಿಯಲೇಬೇಕೆಂದರೆ ಕುಶಾಲನಗರದಿಂದ ಹೆಬ್ಬಾಲೆ, ಶಿರಂಗಾಲದ ಕಡೆಗೆ ಕಾವೇರಿಯ ಬದಿಯ ರಸ್ತೆಯಿದೆ, ಪೊನ್ನಂಪೇಟೆ ಕಡೆಯ ಗದ್ದೆ ಬಯಲಿದೆ.

ಒಣ ಹವೆಯಲ್ಲೂ ರಾಡ್ ಬ್ರೇಕು ಹಿಡಿಯಬೇಕಾದರೆ ರಿಮ್ಮು ಪಕ್ಕಕ್ಕೆ ಓಲಾಡದಿದ್ದರಷ್ಟೇ ಸಾಲದು, ಮೇಲೆ ಕೆಳಗೆ ಎಗರಲೂ ಬಾರದು. ಬೆಂಡ್ ತೆಗೆಸುವಾಗ ಇದನ್ನು ಬಿಡಿಸಿ ಹೇಳಿ. ರಬ್ಬರಿಗೂ ರಿಮ್ಮಿಗೂ ಮೂರು ಮಿಲಿಮೀಟರ್ ಬಿಡಿ. ಎಲ್ಲಕ್ಕಿಂತ ಮುಖ್ಯ, ಕುದುರೆ ಲಾಳದಂಥ ಬ್ರೇಕ್ ಪಟ್ಟಿಯನ್ನು ಹಿಡಿದಿಡುವ ಕ್ಲಿಪ್ಪುಗಳು. ಇವು ಸಡಿಲವಾದರೆ ಬ್ರೇಕು ಹಿಡಿದ ಕ್ಷಣ ಪಟ್ಟಿ ಪಕ್ಕಕ್ಕೆ ಸರಿದು ಕಡ್ಡಿಗಳೊಳಗೆ ಸಿಕ್ಕಿಕೊಳ್ಳುತ್ತದೆ, ಮುಂದಿನ ಚಕ್ರ ನಿಂತೇಹೋಗುತ್ತದೆ, ಸವಾರ ಹ್ಯಾಂಡಲಿನ ಮೇಲಿನಿಂದ ಮುಂದಕ್ಕೆ ಬೀಳುತ್ತಾನೆ. ಹತ್ತುವ ಮೊದಲು ಪ್ರತಿಸಲ ಕೈಯಿಂದ ಅಲುಗಾಡಿಸಿ ನೋಡುವುದು ಒಳ್ಳೆಯದು.

ಏರಿಗೆ ಒಂದು ಅಗ್ಗದ ಉಪಾಯವಿದೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲಿನ ಫ್ರೀವೀಲಿದ್ದರೆ ಅದನ್ನು 22ಕ್ಕೆ ಬದಲಿಸಿ, ಚೈನಿಗೆ ಒಂದಿಂಚು ಸೇರಿಸಿ. ಒಂದು ಸುತ್ತು ತುಳಿತಕ್ಕೆ ಸುಮಾರು ಐದೂವರೆ ಮೀಟರ್ ಓಡುತ್ತಿದ್ದದ್ದು ನಾಲ್ಕೂವರೆಗೆ ಇಳಿಯುತ್ತದೆ, ಮಂಡಿ ಉಳಿಯುತ್ತದೆ. ಮೂರು ಗೇರಿನ ಹಬ್ಬಿದ್ದವರು ವೈರಿನ ಬಿಗಿಯನ್ನು ಗಮನಿಸಬೇಕು. ಗೇರನ್ನು ಎರಡಕ್ಕೆ ಹಾಕಿ, ಬಲಗಡೆಯ ಆಕ್ಸೆಲ್ ನಟ್ಟಿನ ಕಿಂಡಿಯಲ್ಲಿ ನೋಡಿದರೆ ಒಳಗಿನ ಸಣ್ಣ ರಾಡಿನ ಭುಜ ಆಕ್ಸೆಲ್ಲಿನ ತುದಿಗೆ ಸಮನಾಗಿರಬೇಕು. ಹೊಂದದಿದ್ದರೆ ಎರಡಕ್ಕೂ ಮೂರಕ್ಕೂ ನಡುವೆ ಪೆಡಲು ಖಾಲಿ ತಿರುಗುತ್ತದೆ. ಎದ್ದು ನಿಂತು ತುಳಿಯುವಾಗ ಹಾಗಾದರೆ ಅಡ್ಡಬಾರಿನ ಮೇಲೆ ಬೀಳುವುದೇ. ಈ ಹಬ್ಬಿಗೆ ಬೇಕಾದದ್ದು ತಿಂಗಳಿಗೆ ಕೆಲವು ಹನಿ ತೆಳು ಮಿಷನ್ ಆಯಿಲ್ಲು. ಗ್ರೀಸ್ ತುಂಬಿದರೆ ಒಳಗಿನ ಪುಟ್ಟ ನಾಲಗೆಗಳು ಅಂಟಿಕೊಂಡು ಹಿಡಿತ ತಪ್ಪುತ್ತವೆ.

ಟೈರಿನ ಅಳತೆಯಲ್ಲಿ ಭಿನ್ನರಾಶಿಯನ್ನು ನಂಬಿ. 28×1½ ಟೈರಿನ ಅಂಚಿನ ವ್ಯಾಸ 635 ಮಿ.ಮೀ., ಹೊಸ ಗೇರ್ ಸೈಕಲ್ಲಿನ 700ಸಿ ಟೈರಿನದು 622. 26×1⅜ ಎಂಬುದೂ 26×1.375 ಎಂಬುದೂ ಲೆಕ್ಕದಲ್ಲಿ ಒಂದೇ, ರಿಮ್ಮಿನ ಮೇಲೆ ಬೇರೆ ಬೇರೆ. ಚರ್ಮದ ಸೀಟಿಗೆ ತೆಂಗಿನೆಣ್ಣೆ ಸುರಿಯಬೇಡಿ, ಮೆತ್ತಗಾಗಿ ಜೋಲುಬೀಳುತ್ತದೆ. ಜೇನುಮೇಣ ನಮ್ಮಲ್ಲೇ ಸಿಗುತ್ತದೆ, ತೆಳ್ಳಗೆ ಸವರಿದರೆ ಬೂಷ್ಟೂ ಹಿಡಿಯದು. ಸೀಟಿನ ಮುಂದಿನ ಬಿಗಿ ಬೋಲ್ಟನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.

ಬಿಡಿಭಾಗ ಮಾರುವವರಿಗೆ ಒಂದು ವಿನಂತಿ. ಚಕ್ರದ ನಡುವೆಯೇ ಕೂತು ದೀಪಕ್ಕೆ ಕರೆಂಟು ಕೊಡುವ ಡೈನೊಹಬ್ಬನ್ನು, ಒಳಗೇನಿದೆ ನೋಡೋಣ ಎಂದು ಬಿಚ್ಚಬೇಡಿ. ಅಯಸ್ಕಾಂತದ ಉಂಗುರವನ್ನು ಸುರುಳಿಯಿಂದ ಹೊರಗೆಳೆದ ಕೂಡಲೇ, ಅದರ ಜಾಗದಲ್ಲಿ ಕಬ್ಬಿಣದ ತುಂಡು ಕೂರಿಸದಿದ್ದರೆ, ಶಕ್ತಿ ಕುಂದುತ್ತದೆ. 6 ವೋಲ್ಟಿನ ದೀಪ ಆಮೇಲೆ ಮಿಣುಕುಹುಳುವಿನಷ್ಟೇ.

ಕೊಡಗು ಜಿಲ್ಲೆಗೆ ರೈಲಿಲ್ಲದ್ದರಿಂದ ಹೊರಗಿನಿಂದ ಬರುವ ಸೈಕಲ್ಲು ಮೈಸೂರಿನಲ್ಲಿ ಇಳಿದು ಬಸ್ಸೋ ಪಿಕಪ್ಪೋ ಹತ್ತಬೇಕು. ಚಕ್ರ ಕಳಚಿ ಕಳಿಸುವುದಾದರೆ ಫೋರ್ಕಿನ ಎರಡು ಕಾಲುಗಳ ನಡುವೆ, ಹಿಂದಿನ ಕವಲಿನಲ್ಲೂ, ಅಳತೆಗೆ ಕೊಯ್ದ ಮರದ ತುಂಡು ಕೂರಿಸಲು ಹೇಳಿ. ಮೇಲೊಂದು ಮೂಟೆ ಬಿದ್ದರೂ ಕಾಲು ಒಳಕ್ಕೆ ಬಾಗುವುದಿಲ್ಲ. ಸೈಕಲ್ಲಿಗೆ ಆರ್‌ಸಿ ಪುಸ್ತಕವಿಲ್ಲ. ಆದ್ದರಿಂದ ಫ್ರೇಮು ನಂಬರು, ದಿನಾಂಕ, ಇಬ್ಬರ ಸಹಿ ಇರುವ ಒಂದು ಹಾಳೆಯಾದರೂ ಕೈಬದಲಾಗಬೇಕು. ನಂಬರನ್ನು ಅರದಿಂದ ಉಜ್ಜಿದ್ದರೆ ಬೆಲೆ ಕೇಳುವುದೇ ಬೇಡ.

ಜಾಹೀರಾತು ಹೀಗಿದ್ದರೆ ಸಾಕು: ‘ರ‍್ಯಾಲಿ, ಫ್ರೇಮು 22 ಇಂಚು, ಚಕ್ರ 28×1½. ಹಿಂದಿನ ಹಬ್ಬು ಮೂರು ಗೇರು, ಮುದ್ರೆ 58 7. ಮೂಲ ಬಣ್ಣ, ಚೈನ್‌ಕೇಸಿನಲ್ಲಿ ತುಕ್ಕು. ಮುಂದಿನ ರಿಮ್ಮು ಮತ್ತು ಸೀಟು ಬದಲಾಗಿವೆ. ಎಡ ಕಾಟರ್ ಸಡಿಲ. ಫ್ರೇಮು ನಂಬರು ಸ್ಪಷ್ಟ, ರಶೀದಿ ಕೊಡಲಾಗುವುದು. ಬಂದು ತುಳಿದು ನೋಡಬಹುದು.’ ಈಗಿನ ಎರಡು ಸಾಲಿನ ಜಾಗದಲ್ಲಿ ಇದು ಏಳು ಸಾಲಾದೀತು. ಹಳೇ ಸೈಕಲ್ಲಿನ ಜಾಹೀರಾತುಗಳಿಗೆ ಸಾಲಿನ ದರದಲ್ಲಿ ನಿಮ್ಮ ಕಚೇರಿ ಒಂದಿಷ್ಟು ರಿಯಾಯಿತಿ ಕೊಟ್ಟರೆ, ಜಾಗ ಸಾಲಲಿಲ್ಲ ಎಂಬ ನೆಪವೂ ಮಾರುವವರಿಗೆ ಇರುವುದಿಲ್ಲ.

ಇಂತಿ,
ಹಳೇ ಸೈಕಲ್ ಆಸಕ್ತರು,
ವಿರಾಜಪೇಟೆ