ಗೋದಾಮಿನ ಕೈಗಳನ್ನು ಮರೆಯದಿರೋಣ

ಮಾನ್ಯರೇ,

2020ರ ಮಾರ್ಚ್‌ನಲ್ಲಿ ಕೋವಿಡ್ ಜಗತ್ತನ್ನು ಆವರಿಸಿದಾಗ ಉದ್ಯಮಗಳು ತೋರಿದ ಒಗ್ಗಟ್ಟನ್ನು ನಾವು ಬಹಳ ಬೇಗ ಮರೆತೆವು. ಫ್ರಾನ್ಸಿನ ಸುಗಂಧದ್ರವ್ಯ ಕಾರ್ಖಾನೆಗಳಲ್ಲಿ ಸ್ಯಾನಿಟೈಸರ್ ತಯಾರಾಯಿತು. ಕಾರು ತಯಾರಿಸುವ ಜನರಲ್ ಮೋಟಾರ್ಸ್, ವೆಂಟೆಕ್ ಎಂಬ ಪುಟ್ಟ ಕಂಪನಿಯೊಂದಿಗೆ ಸೇರಿ ವೆಂಟಿಲೇಟರ್ ತಯಾರಿಸಿತು. ಸದಾ ಪೈಪೋಟಿಯಲ್ಲಿದ್ದ ಬ್ರಿಟನ್ನಿನ ಸೂಪರ್‌ಮಾರ್ಕೆಟ್‌ಗಳು ಪರಸ್ಪರ ದಾಸ್ತಾನಿನ ಮಾಹಿತಿ ಹಂಚಿಕೊಳ್ಳಲೆಂದು ಅಲ್ಲಿನ ಸರ್ಕಾರ ಸ್ಪರ್ಧಾ ನಿಯಮಗಳನ್ನೇ ಸಡಿಲಿಸಿತು. ನನ್ನ ಪಾಲಿಗೆ ಇದು ಲಸಿಕೆಯಷ್ಟೇ ದೊಡ್ಡ ಸಾಧನೆ.

ಆ ದಿನಗಳಲ್ಲೇ ಗೋದಾಮುಗಳ ಯಾಂತ್ರೀಕರಣಕ್ಕೂ ವೇಗ ಸಿಕ್ಕಿತು. ತಂತ್ರಜ್ಞಾನವೇನೋ ಹಳೆಯದು, ಅಮೆಜಾನ್ 2012ರಲ್ಲೇ ಗೋದಾಮಿನ ರೋಬಾಟ್ ತಯಾರಿಸುತ್ತಿದ್ದ ಕಿವಾ ಸಿಸ್ಟಮ್ಸ್ ಕಂಪನಿಯನ್ನು 77.5 ಕೋಟಿ ಡಾಲರ್‌ಗೆ ಕೊಂಡಿತ್ತು. ಆ ಗಿಡ್ಡ ರೋಬಾಟ್‌ಗಳು ಕಪಾಟಿನ ಅಡಿಗೆ ನುಸುಳಿ, ಅದನ್ನೇ ಎತ್ತಿಕೊಂಡು ಕಾರ್ಮಿಕರ ಬಳಿಗೆ ತರುತ್ತವೆ. ದಿನವಿಡೀ ಸಾಲುಗಳ ನಡುವೆ ನಡೆದು ಸಾಮಾನು ಹುಡುಕುವ ಕಷ್ಟ ತಪ್ಪಿತು, ಒಪ್ಪುತ್ತೇನೆ. ಆದರೆ ಕಪಾಟುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತಿದ್ದರೆ ಕಾರ್ಮಿಕರಿಗೆ ಮೈ ಸಡಿಲಿಸಲೂ ಪುರುಸೊತ್ತಿಲ್ಲ. ನಿಂತಲ್ಲೇ ನಿಂತು, ಅದೇ ಬಾಗುವಿಕೆ, ಅದೇ ಎತ್ತುವಿಕೆ. ಆ ಬೆನ್ನು, ಆ ಭುಜಗಳ ಗತಿಯೇನು?

ಎಲ್ಲರೂ ಮನೆಯೊಳಗಿದ್ದಾಗ ಸೋಂಕಿನ ಭಯದ ನಡುವೆಯೇ ಗೋದಾಮಿಗೆ ಹೋದವರು ಇವರೇ. ರೋಬಾಟ್‌ಗಳು ಬರಲಿ, ನನ್ನ ವಿರೋಧವಿಲ್ಲ. ಕೆಲಸದ ವೇಗವನ್ನು ನಿಗದಿಪಡಿಸುವಾಗ ಕಾರ್ಮಿಕರನ್ನೂ ಕೂರಿಸಿಕೊಳ್ಳಿ. ಉಳಿತಾಯದ ಒಂದು ಪಾಲನ್ನು ಅವರ ಮರುತರಬೇತಿಗೆ ಮೀಸಲಿಡಿ. ಅಂದು ಪ್ರತಿಸ್ಪರ್ಧಿಗಳೊಡನೆ ಕೈಜೋಡಿಸಿದ ಕಂಪನಿಗಳಿಗೆ ಇದು ಅಸಾಧ್ಯವೇ?

– ಒಬ್ಬ ಓದುಗ