ತುಲೂಸ್‌ನ ಇಟ್ಟಿಗೆ ಮಠ

ಮಾನ್ಯರೇ,

ಫ್ರಾನ್ಸ್ ಪ್ರವಾಸದ ಬರಹಗಳು ಪ್ಯಾರಿಸ್ ಬಿಟ್ಟು ಆಚೆ ಕಾಲಿಡುವುದೇ ಅಪರೂಪ. ಕೆಲಸದ ಮೇಲೆ ತುಲೂಸ್‌ಗೆ ಬರುವ ಕನ್ನಡಿಗರೂ ವಿಮಾನ ಕಾರ್ಖಾನೆ ನೋಡಿ ಹೊರಟುಬಿಡುತ್ತಾರೆ. ಊರ ನಡುವಿನ ಜಾಕೋಬಿನ್ ಕಾನ್ವೆಂಟ್ ಕಡೆ ತಲೆ ಹಾಕುವುದಿಲ್ಲ. (ನಮಗೆ ಕಾನ್ವೆಂಟ್ ಎಂದರೆ ಇಂಗ್ಲಿಷ್ ಶಾಲೆ, ಇದು ಸಂನ್ಯಾಸಿಗಳ ಮಠ.)

ಕ್ರೈಸ್ತ ಸಂತ ಡೊಮಿನಿಕ್ ತನ್ನ ಸಂನ್ಯಾಸಿ ಪಂಥ ಶುರುಮಾಡಿದ ಊರಿದು; ಈ ಮಠ ಆ ಪಂಥದವರದ್ದೇ. 13ನೇ ಶತಮಾನದಲ್ಲಿ ಕಟ್ಟಲಾರಂಭಿಸಿದ ಕೆಂಪು ಇಟ್ಟಿಗೆಯ ಚರ್ಚ್ ಹೊರಗಿನಿಂದ ಕೋಟೆಯಂತಿದೆ. ಒಳಗೆ ನಟ್ಟನಡುವೆ ಒಂದೇ ಸಾಲು ಕಂಬಗಳು. ಕೊನೆಯ ಕಂಬದ ತಲೆಯಿಂದ 22 ಕಮಾನುಪಟ್ಟಿಗಳು ಗರಿಗಳಂತೆ ಹರಡಿಕೊಂಡಿವೆ. ಊರವರ ಬಾಯಲ್ಲಿ ಅದು ‘ತಾಳೆಮರ’. ಕತ್ತೆತ್ತಿ ನೋಡಿ ನೋಡಿ ನನಗೆ ಕುತ್ತಿಗೆ ಹಿಡಿದುಕೊಂಡಿತ್ತು!

ಫ್ರೆಂಚ್ ಕ್ರಾಂತಿಯ ನಂತರ ಇದೇ ಚರ್ಚ್ ಸೇನೆಯ ಪಾಲಾಯಿತು. ಕೆಳಗೆ ಕುದುರೆ ಲಾಯ, ಮೇಲೆ ಅಟ್ಟ ಹಾಕಿ ಸೈನಿಕರ ವಾಸ. 1865ರಲ್ಲಿ ಸೇನೆ ಜಾಗ ಖಾಲಿ ಮಾಡಿದರೂ ದುರಸ್ತಿ 1970ರ ದಶಕದವರೆಗೆ ಎಳೆಯಿತು. ಬೇರೆ ಚರ್ಚಿನಲ್ಲಿದ್ದ, ಇದೇ ಪಂಥದ ತತ್ವಜ್ಞಾನಿ ಥಾಮಸ್ ಅಕ್ವಿನಾಸನ ಅಸ್ಥಿ 1974ರಲ್ಲಿ ಇಲ್ಲಿಗೆ ಮರಳಿತು.

ನಿಮ್ಮ ಪ್ರವಾಸ ಪುಟದಲ್ಲಿ ಈ ಮಠಕ್ಕೂ ಒಂದಿಷ್ಟು ಜಾಗ ಕೊಡಿ. ತಾಳೆಮರದ ಫೋಟೊ ಬೇಕಿದ್ದರೆ ನಾನೇ ಕಳುಹಿಸುತ್ತೇನೆ.

– ತುಲೂಸ್‌ನಲ್ಲಿರುವ ಓದುಗ